ಬೀಗ ಬಿದ್ದ ಬಾವಿ

ಅರಗಿನ ಮೊಹರು ಹಾಗೆಯೇ ಇತ್ತು. ಬಿರಡೆಗೆ ಸುತ್ತಿದ ದಾರವೂ ಹಾಗೆಯೇ ಇತ್ತು. ಆದರೆ ಸೀಸೆಯೊಳಗೆ ಸೊಳ್ಳೆಗಳು ಹಾರಾಡುತ್ತಿದ್ದವು.

ಭಾಲ್ಕಿ ಪೊಲೀಸ್ ಠಾಣೆಯ ಅಮೀನ ಕುತುಬೋದ್ದೀನ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಿಂದಿನ ವಾರ ಭಾಲ್ಕಿಯಲ್ಲಿ, ಸತ್ತ ಹಾವಗೆಪ್ಪನ ಹಿತ್ತಲಿನಲ್ಲಿ ಅವನು ಸತ್ತಂದಿನಿಂದ ಯಾರೂ ಮುಟ್ಟದ ರಂಜಣಗಿಯಿಂದ ಅರ್ಧ ಸೀಸೆ ನೀರು ತುಂಬಿಸಿ, ಓಣಿಯ ಹಿರಿಯರ ಎದುರಿಗೇ ಅರಗು ಕಾಸಿ ಮೊಹರು ಒತ್ತಿದವನು ಅವನೇ. ರಂಜಣಗಿ ಎಂದರೆ ಆ ಸೀಮೆಯ ಮನೆಮನೆಯಲ್ಲೂ ಇರುವ ದೊಡ್ಡ ಮಣ್ಣಿನ ನೀರಿನ ಹರವಿ. ವಿಷದ ಸಾಕ್ಷಿ ಎಂದು ಮೀಸೆ ತಿರುವಿ ಬೀದರಿನ ದವಾಖಾನೆಗೆ ಕಳಿಸಿದ್ದ ನೀರು ಅದು.

"ಯಾರರ ಬಿಚ್ಚಿ ಮತ್ತ ಮುಚ್ಚ್ಯಾರೇನ್ರಿ, ಡಾಕ್ಟರ್‌ಸಾಬ್?"

"ಮೊಹರು ನಿಮ್ದೇ ಅದ, ನೀವೇ ನೋಡ್ರಿ." ಡಾಕ್ಟರ್ ಕಾಶೀರಾಮ ಕನ್ನಡಕ ತೆಗೆದು ಒರೆಸಿದ. "ಸೊಳ್ಳಿ ಹೊರಗಿಂದ ಹೋಗಿಲ್ಲ. ಒಳಗೇ ಹುಟ್ಟ್ಯಾವ. ನೀರಾಗ ಕುಣಿಯೋ ಹುಳ ಇರತಾವಲ್ಲ, ಅವೇ ಇವು. ಈಗ ನನ್ನ ಒಂದು ಮಾತಿಗಿ ಜವಾಬು ಕೊಡ್ರಿ. ಮನಷ್ಯಾನ್ನ ಕೊಲ್ಲೂ ವಿಷ ಇದ್ದ ನೀರಾಗ ಇಷ್ಟಿಷ್ಟ ಹುಳ ಹ್ಯಾಂಗ ಬದುಕಿದ್ವು?"

ಅಮೀನ ಸೀಸೆಯನ್ನು ಮೇಜಿನ ಮೇಲಿಟ್ಟ.

ಹಾವಗೆಪ್ಪ ಸತ್ತು ತಿಂಗಳಾಗುತ್ತ ಬಂದಿತ್ತು. ಭಾಲ್ಕಿಯ ದೊಡ್ಡ ಬೇಳೆ ವ್ಯಾಪಾರಿ, ಮಾತಿಗೊಮ್ಮೆ ಬಸವಣ್ಣನನ್ನು ನೆನೆಯುವ ಮನುಷ್ಯ. ಅವನ ಓಣಿಗೆ ಓಣಿಯೇ ಕೈಕಾಲು ಮುರಿದುಕೊಂಡವರಂತೆ ಜ್ವರದಲ್ಲಿ ಮಲಗಿದಾಗ, ಬಾವಿಗೆ ಯಾರೋ ವಿಷ ಹಾಕಿದ್ದಾರೆಂದು ಊರು ಬೊಬ್ಬೆಯಿಟ್ಟಾಗ, ಅಮೀನ ಎರಡು ಕೆಲಸ ಮಾಡಿದ್ದ. ಬಾವಿಯ ಮೇಲೆ ಹಲಗೆ ಜಡಿಸಿ ಬೀಗ ಹಾಕಿಸಿದ್ದ. ಬೊಂಬಾಯಿಯ ಗಿರಣಿಯಿಂದ ಆಗಷ್ಟೇ ಊರಿಗೆ ಬಂದಿದ್ದ ಮಚ್ಛೇಂದ್ರನ ಎರಡೂ ಕೈಗೆ ಹಗ್ಗ ಬಿಗಿದು, ನಡುಬಜಾರದಲ್ಲಿ ನಡೆಸಿಕೊಂಡು ಹೋಗಿ ಹವಾಲಾತಿಗೆ ತಳ್ಳಿದ್ದ.

ಮಚ್ಛೇಂದ್ರ ಊರಾಚೆಯ ಕೇರಿಯವನು. ಆ ಬಾವಿಯ ಕಟ್ಟೆಯನ್ನು ಅವನು ಮುಟ್ಟುವ ಹಾಗಿರಲಿಲ್ಲ. ಅವನು ನಸುಕಿನಲ್ಲಿ ಕೊಡ ಇಳಿಬಿಟ್ಟದ್ದನ್ನು ಹಾವಗೆಪ್ಪನ ಹೆಂಡತಿ ಕಸ್ತೂರಿಬಾಯಿ ಕಣ್ಣಾರೆ ಕಂಡಿದ್ದಳು. ಮೇಲಾಗಿ, ಓಣಿಯೆಲ್ಲ ಮಲಗಿದರೂ ಬಾವಿಗೆ ಬಂದ ಅವನಿಗೆ ಜ್ವರ ಸೋಂಕಲಿಲ್ಲ. ವಿಷ ಹಾಕಿದವನು ಆ ನೀರು ಕುಡಿಯುತ್ತಾನೆಯೇ? ಅಮೀನನ ತರ್ಕ ಅಷ್ಟು ಚೊಕ್ಕಟವಾಗಿತ್ತು.

"ಇದು ವಿಷ ಅಲ್ರಿ, ಅಮೀನಸಾಬ್," ಎಂದ ಕಾಶೀರಾಮ. "ಡೆಂಗ್ಯೂ ಅಂತಾರ. ಎಲುಬು ಮುರಿಯೋ ಜ್ವರ. ಬೊಂಬಾಯಿ, ಕಲಕತ್ತಾ ಕಡಿ ಮಳಿಗಾಲದಾಗ ಏಳತದ. ಈ ಸೊಳ್ಳಿ ಕಾಲು ನೋಡ್ರಿ, ಬೆಳ್ಳಿ ಕಡಗ ಹಾಕ್ಕೊಂಡಂಗ ಬಿಳಿ ಪಟ್ಟಿ ಅವ. ಇದು ಹಗಲಾಗ ಕಚ್ಚತದ. ಜ್ವರ ಬಂದಾಂವನ ರಕ್ತ ಹೀರಿ ಇನ್ನೊಬ್ಬಾಂವನ ಮೈಯಾಗ ಬಿಡತದ."

"ಹಂಗಿದ್ರ ಮಚ್ಛೇಂದ್ರನೇ ಬೊಂಬಾಯಿಂದ ತಂದಂಗಾತಲ್ರಿ!" ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು.

"ಅಂವ ಭಾಲ್ಕಿಗಿ ಬಂದು ಮೂರು ನಾಕು ದಿವಸದಾಗ ಓಣಿ ಮಂದಿ ಮಲಗಿದ್ರು ಅಂದ್ರಿ. ಅಷ್ಟು ಲಗೂ ಆಗಂಗಿಲ್ರಿ. ಜಡ್ಡಾದಾಂವ ಊರಿಗಿ ಬರಬೇಕು, ಸೊಳ್ಳಿ ಕಚ್ಚಬೇಕು, ಸೊಳ್ಳಿ ಹೊಟ್ಟ್ಯಾಗ ಅದು ಮಾಗಬೇಕು. ಹದಿನೈದು ಇಪ್ಪತ್ತು ದಿವಸರ ಬೇಕು. ಅಂವಗ ಯಾಕ ಬರಲಿಲ್ಲ ಅಂದ್ರ, ಮೊದಲೇ ಒಮ್ಮೆ ಬಂದು ಹೋಗಿರಬೇಕು. ಕೇಳಿದ್ರೇನು ಅಂವಗ?"

ಕೇಳಿದ್ದ. 'ಹೋದ ಮಳಿಗಾಲಕ್ಕ ಗಿರಣಿ ಚಾಳಿನಾಗ ನನಗ ಇದೇ ಜ್ವರ ಬಂದಿತ್ರಿ ಸಾಹೇಬ' ಎಂದು ಮಚ್ಛೇಂದ್ರ ಕೈ ಮುಗಿದು ಹೇಳಿದ್ದ. 'ಹಂಗಿದ್ರ ಅಲ್ಲಿಂದ ವಿಷ ತಂದಾಂವ ನೀನೇ' ಎಂದು ಅಮೀನ ಕಪಾಳಕ್ಕೆ ಬಿಗಿದಿದ್ದ. ಜವಾನರು ನಕ್ಕಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಊರಿಗೆಲ್ಲ ಗಾದೆ ಹೇಳುವ ಮನುಷ್ಯ, ಬರೆಯ ಕಬ್ಬಿಣವನ್ನು ತಾನೇ ಕಾಸಿ ಹಿಡಿದಿದ್ದ.

"ಕಸ್ತೂರಿಬಾಯಿಗೂ ಜ್ವರ ಬರಲಿಲ್ರಿ," ಎಂದ, ಸುಮ್ಮನೆ ಏನೋ ಒಂದು ಹೇಳಬೇಕೆಂದು.

"ಎಲ್ಲಾರ್ಗೂ ಬರಬೇಕಂತ ಕಾಯದೆ ಇಲ್ಲ. ಆಕಿಗಿ ನೀವು ಹಗ್ಗಾ ಹಾಕಲಿಲ್ಲಲ್ಲ?"

ಹಾಕಿರಲಿಲ್ಲ. ಕಸ್ತೂರಿಬಾಯಿಗೆ ಜ್ವರ ಬಾರದ್ದು ಶಿವನ ದಯೆ ಎಂದು ಊರು ಕೈಮುಗಿದಿತ್ತು, ಅಮೀನನೂ ತಲೆ ತಗ್ಗಿಸಿದ್ದ. ಆ ಮನೆಯಲ್ಲಿ ಲಿಂಗಪೂಜೆಯ ನೀರನ್ನೂ ಕುಡಿಯುವ ನೀರನ್ನೂ ಆಳುಕಾಳು ಮುಟ್ಟುವಂತಿಲ್ಲ, ಆಕೆಯೇ ಬಟ್ಟೆಯಲ್ಲಿ ಸೋಸಿ ಆಕೆಯೇ ತುಂಬುತ್ತಾಳೆ. ಅಂಥ ಮಡಿವಂತೆಗೆ ಜ್ವರ ಹೇಗೆ ಬಂದೀತು? ಒಂದೇ ಓಣಿಯಲ್ಲಿ ಇಬ್ಬರಿಗೆ ಜ್ವರ ಬಾರದೆ ಹೋದಾಗ ಒಬ್ಬರಿಗೆ ಪುಣ್ಯ ಸಿಕ್ಕಿತು, ಒಬ್ಬನಿಗೆ ಹಗ್ಗ ಸಿಕ್ಕಿತು.

"ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ," ಎಂದ ಡಾಕ್ಟರ್. "ಈ ಸೊಳ್ಳಿ ಬಾವ್ಯಾಗ ಹುಟ್ಟೂದಕ್ಕಿಂತ ಮನ್ಯಾಗ ಕೂಡಿಟ್ಟ ನೀರಾಗ ಜಾಸ್ತಿ ಹುಟ್ಟತದ. ನೀವು ಬಾವಿಗಿ ಬೀಗ ಜಡದ್ರಿ. ಮಂದಿ ಏನ ಮಾಡಬೇಕು? ಹಳ್ಳದ ನೀರು ತಂದು ಇದ್ದಬದ್ದ ಗಡಗಿ, ಹಂಡೆ ಎಲ್ಲಾ ತುಂಬಿ ಇಟ್ಟರು. ಈಗ ಬಾಜೂ ಓಣಿಗೂ ಜ್ವರ ಹಬ್ಬ್ಯಾದ ಅಂತ ಕೇಳ್ದೆ."

"ನನ್ನ ಬೀಗದಿಂದ," ಎಂದ ಅಮೀನ.

ಕಾಶೀರಾಮ ಒಳ್ಳೆಯ ಮನುಷ್ಯ. ಹೌದು ಎನ್ನಲಿಲ್ಲ. "ಈ ಜ್ವರ ಕಾಡತದ, ಕೊಲ್ಲೂದು ಭಾಳ ಕಡಿಮಿ," ಎಂದು ಮಾತು ತಿರುಗಿಸಿದ. "ಅಷ್ಟು ಮಂದಿ ಮಲಗಿದ್ರು, ಎಲ್ಲಾರೂ ಎದ್ರು. ಹಾವಗೆಪ್ಪ ಒಬ್ಬನೇ, ಅದೂ ಜ್ವರ ಇಳದ ಮ್ಯಾಲ, ಯಾಕ ಸತ್ತ? ಅದು ಈ ಸೀಸಿಗಿ ಗೊತ್ತಿಲ್ಲ. ರಂಜಣಗಿ ಮಾತು ಇದು ಹೇಳತದ, ಅಂವ ಕುಡದ ತಂಬಿಗಿ ಮಾತು ಹೇಳಂಗಿಲ್ಲ. ಇರಲಿ, ಮೊದಲ ಇದನ್ನ ನೋಡ್ರಿ. ಮಚ್ಛೇಂದ್ರ ಬರೂಕಿಂತ ಮೊದಲು ಆ ಓಣಿಗಿ ಬೊಂಬಾಯಿಂದ ಜ್ವರ ಹೊತ್ತು ಬಂದಾಂವ ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಮೀನನ ಕೈ ತಾನಾಗಿ ಕೋಟಿನ ಕಾಲರಿಗೆ ಹೋಯಿತು.

"ವಿಚಾರ ಮಾಡ್ತೀನಿ," ಎಂದು ಎದ್ದ. ವಿಚಾರ ಮಾಡುವಂಥದ್ದು ಏನೂ ಇರಲಿಲ್ಲ.

*

ತನ್ನೂರು ಔರಾದಿನ ದಾರಿ ಉದ್ದಕ್ಕೂ ಅವನು ಕುದುರೆಯ ಕಿವಿಗಳನ್ನೇ ನೋಡುತ್ತ ಹೋದ. ಎದುರು ಬಂದವರು ಸಲಾಮು ಹಾಕಿದರೆ ಮೈ ಉರಿಯುತ್ತಿತ್ತು. ಇವರಿಗೆ ಗೊತ್ತಾದರೆ ಸಲಾಮು ಹಾಕುತ್ತಾರೆಯೇ?

ಭಾಲ್ಕಿಗೆ ರೈಲು ಬಂದದ್ದು ಮೊನ್ನೆಮೊನ್ನೆ. ರೈಲಿನ ಹಿಂದೆಯೇ ಪ್ಲೇಗಿನ ಭಯವೂ ಬಂದಿತ್ತು. ಬೊಂಬಾಯಿಯ ಕಡೆಯಿಂದ ಬಂದವರನ್ನು ಠೇಸನ್ನಿನಲ್ಲಿ ಸಾಲಾಗಿ ನಿಲ್ಲಿಸಿ, ನಾಲಗೆ ನೋಡಿ, ಕಂಕುಳು ಮುಟ್ಟಿ ಬಿಡಬೇಕೆಂದು ಹುಕುಂ ಇತ್ತು. ಮೈ ಬಿಸಿ ಇದ್ದವರನ್ನು ಊರ ಹೊರಗಿನ ಗುಡಿಸಲಿನಲ್ಲಿ ಇಡಬೇಕು. ಹುಕುಮನ್ನು ನಡೆಸುವವನು ಅಮೀನ.

ಅವನ ತಾಯಿ ಹಾಜಿರಾಬೀ ಹಜ್ ಮುಗಿಸಿ ಹಡಗಿಳಿದು, ಬೊಂಬಾಯಿಯ ಮುಸಾಫಿರಖಾನೆಯಲ್ಲಿ ಮಳೆಗೆ ಸಿಕ್ಕಿಬಿದ್ದು, ಕೊನೆಗೆ ಆ ರೈಲಿನಲ್ಲೇ ಬಂದಿದ್ದಳು. ಇಳಿಸಿಕೊಳ್ಳಲು ಕೈ ಹಿಡಿದಾಗ ಆ ಕೈ ಸುಡುತ್ತಿತ್ತು. ಮಕ್ಕಾ ಕಂಡು ಬಂದ ತಾಯಿಯನ್ನು ಗುಡಿಸಲಿನಲ್ಲಿ ಹಾಕುವುದೇ? ಪರಗಂಡಸರು ಆಕೆಯ ಮೈ ಮುಟ್ಟುವುದೇ? ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗಲೇ ಅವನು ಆಕೆಯನ್ನು ಸಾಮಾನು ಗೋದಾಮಿನ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋಗಿದ್ದ. ಔರಾದಿನ ತನಕ ಬಂಡಿಯಲ್ಲಿ ಕುಳಿತುಕೊಳ್ಳುವ ಶಕ್ತಿ ಆಕೆಗಿರಲಿಲ್ಲ. ಹಾವಗೆಪ್ಪ ತಾನಾಗಿ ಬಂದು, 'ಹಜ್ ಮಾಡಿ ಬಂದಾಕಿ ನನ್ನ ಮನಿ ಹೊಸ್ತಿಲು ತುಳಿಯೂದು ನನ್ನ ಭಾಗ್ಯ' ಎಂದು ತನ್ನ ಹೊರಗಿನ ಖೋಲಿ ಬಿಟ್ಟುಕೊಟ್ಟಿದ್ದ. ಜ್ವರ ಇಳಿದ ಮೇಲೆ ಆಕೆ ಔರಾದಿಗೆ ಹೋಗಿದ್ದಳು.

ಆ ಸಾಲಿನಲ್ಲಿ, ಕೆಲವು ವಾರಗಳ ಮೇಲೆ, ಮಚ್ಛೇಂದ್ರ ನಿಂತಿದ್ದ. ಬಿಸಿಲಿನಲ್ಲಿ ನಿಂತು, ನಾಲಗೆ ತೋರಿಸಿ, ತೋಳು ಎತ್ತಿ, ಪಾಸಾಗಿ ಊರೊಳಗೆ ಬಂದಿದ್ದ.

ವಿಚಾರಣೆಯಲ್ಲಿ ಅಮೀನ ಓಣಿಯ ಪ್ರತಿಯೊಬ್ಬರನ್ನೂ ಕೇಳಿದ್ದು ಒಂದೇ ಪ್ರಶ್ನೆ: ಈ ಎಂಟು ದಿವಸದಲ್ಲಿ ಹೊರಗಿನಿಂದ ಯಾರು ಬಂದರು? ಎಂಟೇ ದಿವಸ ಏಕೆಂದು ಅವನು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡ, ಉತ್ತರ ಸಿಕ್ಕಿತು. ಅದಕ್ಕಿಂತ ಹಿಂದೆ ಹೋದರೆ ಬಾಗಿಲಲ್ಲಿ ತಾಯಿ ನಿಂತಿದ್ದಳು. ದಾರಿಯಲ್ಲಿ ಯಾರೂ ಇರಲಿಲ್ಲ, ಆದರೂ ರುಮಾಲನ್ನು ಮುಖದ ಮೇಲೆ ಎಳೆದುಕೊಂಡ.

*

ಔರಾದಿನ ಮನೆಯ ಅಂಗಳದಲ್ಲಿ ಹೆಂಗಸರು ಕೂಡಿದ್ದರು. ಹಜ್ ಮಾಡಿ ಬಂದವಳ ಕೈಯನ್ನು ಕಣ್ಣಿಗೊತ್ತಿಕೊಂಡು, ಒಂದೊಂದು ಖರ್ಜೂರ ಇಸಿದುಕೊಂಡು ಹೋಗುವುದು ಇನ್ನೂ ಮುಗಿದಿರಲಿಲ್ಲ. ಆ ಕೈಯನ್ನೇ ನೋಡುತ್ತ ಅಮೀನ ಕಂಬಕ್ಕೆ ಒರಗಿ ನಿಂತ. ಎಲ್ಲರೂ ಹೋದ ಮೇಲೆ ಬಳಿಗೆ ಹೋಗಿ ಕೂತ.

"ಅಮ್ಮಿ, ಭಾಲ್ಕ್ಯಾಗ ಇದ್ದಾಗ ನಿನಗ ಜ್ವರ ಬಂದಿತ್ತಲ್ಲ..."

"ಬಂದಿತ್ತಲ್ಲ ಅಂದ್ರೇನು? ಠೇಸನ್ನಾಗ ಕೈ ಹಿಡದು ಸುಡತದ ಅಂದಾಂವ ನೀನೇ." ಹಾಜಿರಾಬೀ ಮೊಣಕಾಲು ನೀವಿಕೊಂಡಳು. "ಮೈಮ್ಯಾಲ ಕೆಂಪಗ ದದ್ದು ಎದ್ದಿದ್ವು. ಎಲುಬೆಲ್ಲಾ ಕುಟ್ಟಿ ಪುಡಿ ಮಾಡಿದಂಗ. ಇನ್ನೂ ಕೀಲು ಹಿಡೀತಾವ, ನೋಡು. ಆದ್ರ ಈ ಮಾತು ಯಾಕ ಎತ್ತತಿ? ಬಾಯಿ ಬಿಡಬ್ಯಾಡ ಅಂತ ನೀನೇ ಹೇಳಿ ಕಳಿಸಿದ್ದಿ."

"ನಾನಾ? ಯಾರ ಕೈಲಿ?"

"ಕಸ್ತೂರಿ ಹೇಳಿ ಕಳಿಸಿದ್ಲು. ಬಾಡಿಗಿ ಬಂಡಿ ಹೊಡೆಯೋ ಧೊಂಡಿಬಾನ ಬಂಡ್ಯಾಗ ಒಂದು ಬುಟ್ಟಿ ಹಣ್ಣು ಬಂದಿತ್ತು. ಅಂವನೇ ಹೇಳ್ದ: ನೀವು ನಮ್ಮ ಮನ್ಯಾಗ ಇದ್ದದ್ದು, ಅಲ್ಲಿ ಕಂಡದ್ದು ಕೇಳಿದ್ದು ಯಾರ ಮುಂದೂ ಆಡಬಾರದಂತ ಅಮೀನಸಾಬ್ರು ಅಂದಾರ, ಇಲ್ಲಂದ್ರ ಅವರ ನೌಕ್ರಿ ಹೋಗತದ. ನೀ ಅಂದಿಲ್ಲೇನು?"

ಅಂದಿರಲಿಲ್ಲ. ಅಂದರೆ ಕಸ್ತೂರಿಬಾಯಿಗೆ ಎಲ್ಲ ಗೊತ್ತಿತ್ತು. ಗಂಡನನ್ನು ಕಳೆದುಕೊಂಡ ದುಃಖದಲ್ಲೂ ಆ ಹೆಣ್ಣುಮಗಳು ಅಮೀನನ ಮಾನ ಮುಚ್ಚಿದ್ದಳು, ಕೇಳದೆಯೇ. ಅವನಿಗೆ ಹಾಗೆಯೇ ಅನಿಸಿತು. ತಾನು ಯಾರ ಯಾರ ಋಣದಲ್ಲಿ ಮುಳುಗಿದ್ದೇನೆ ಎಂದು ಅವನ ತಲೆ ಇನ್ನಷ್ಟು ಕೆಳಗೆ ಹೋಯಿತು.

"ಮಕ್ಕಾಕ ಹೋಗಿ ಮಾಡಿದ ಪಾಪಕ್ಕೆಲ್ಲಾ ತೌಬಾ ಮಾಡಿ ಬಂದೆ," ಎಂದಳು ಹಾಜಿರಾಬೀ. "ಬಂದ ಕೂಡ್ಲೇ ಮಗಾ ಸುಳ್ಳು ನುಂಗಿಸಿದ ಅಂದುಕೊಂಡೆ. ಅದಕ್ಕ ಖರ್ಜೂರ ಹಂಚೂ ಮುಂದ ಮಂದಿ ಮಾರಿ ನೋಡಲಾಕ ಆಗಂಗಿಲ್ಲ. ಹೇಳು, ಏನಾಗ್ಯಾದ?"

ಅವನು ಎಲ್ಲವನ್ನೂ ಹೇಳಿದ. ಸೀಸೆ, ಸೊಳ್ಳೆ, ಬೀಗ, ಕಪಾಳಕ್ಕೆ ಹೊಡೆದದ್ದು. ಹಗ್ಗದ ಮಾತು ಬಂದಾಗ ದನಿ ಇಳಿಯಿತು. ನಾಳೆ ಸಂಜೆಯ ರೈಲಿಗೆ ಮಚ್ಛೇಂದ್ರನನ್ನು ಬೀದರಿನ ಅದಾಲತ್ತಿಗೆ ಕಳಿಸಬೇಕು, ಖೂನಿಯ ಆರೋಪ, ಶಿಕ್ಷೆ ಏನೆಂದು ಹೇಳುವ ಅಗತ್ಯವಿರಲಿಲ್ಲ.

ಹಾಜಿರಾಬೀ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಖವಾಗುತ್ತಿತ್ತು.

"ಅಂವಗ ಯಾರಿದ್ದಾರ?"

"ಹೆಂಡ್ತಿ ಇದ್ದಾಳ. ಕೌಸಲ್ಯಾಬಾಯಿ. ದಿನಾ ಬಂದು ಠಾಣೆ ಮುಂದ ಕುಂದರತಾಳ."

"ಏನಂತಾಳ?"

"ಏನೂ ಅನ್ನಂಗಿಲ್ಲ. ಕುಂದರತಾಳ, ಅಷ್ಟೇ."

"ನನ್ನ ಗುಡಿಸಲಿನಾಗ ಹಾಕಿದ್ರ ಆಗತಿತ್ತಲ್ಲೋ," ಎಂದಳು ತಾಯಿ. "ನಾಕು ದಿವಸ ಬಿದ್ದುಕೊಂಡಿರತಿದ್ದೆ. ಹಜ್ಜಿನಾಗ ಅರಫಾತದ ಬಯಲಾಗ ಬಿಸಿಲಿಗಿ ಬಿದ್ದಾಕಿಗಿ ಭಾಲ್ಕಿ ಗುಡಿಸಲು ಹೆಚ್ಚೇನು? ನನ್ನ ಮರ್ಯಾದಿ ಉಳಿಸಲಾಕ ಹೋಗಿ ಒಬ್ಬಾಂವನ ಮರ್ಯಾದಿ ಬಜಾರದಾಗ ಮಾರಿದಿ."

ಅಮೀನ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಪಾಪ, ಹಾವಗೆಪ್ಪ! ಎಂಥಾ ದಿಲ್ ಅವಂದು," ಆಕೆ ಕಣ್ಣೊರೆಸಿಕೊಂಡಳು. "ದಿನಾ ಬಂದು ನನ್ನ ಬಾಜೂಕ ಕುಂದರತಿದ್ದ. ನಿನ್ನ ಜವಾನ ಖಾಜಾ ಮಿಯಾ ಮಸೂತಿ ಬಾವಿಂದ ನನಗಂತ ಮಣ್ಣಿನ ಸುರಾಹಿ ತುಂಬಿ ತರತಿದ್ದನಲ್ಲ, ಆ ನೀರು ಕೇಳಿ ಕುಡೀತಿದ್ದ. 'ಅಕ್ಕಾ, ನನಗೊಂದಿಷ್ಟು ಹಾಕ್ರಿ' ಅಂತ. ಒಂದು ದಿನ ಅಲ್ಲ, ದಿನಾ. ನಿಮ್ಮ ಮಂದಿ ನೋಡಿದ್ರ ಏನಂದಾರು ಅಂದೆ. 'ನೀರಿಗಿ ಜಾತಿ ಎಲ್ಲಿ ಅದರಿ ಅಕ್ಕಾ' ಅಂದ."

ಬಸವಣ್ಣನ ಮಾತು ಆಡುವವರು ಬಹಳ, ನಡೆಯುವವನು ಹಾವಗೆಪ್ಪನೊಬ್ಬನೇ ಎಂದುಕೊಂಡ ಅಮೀನ. ಪತ್ತೇದಾರನ ಕಣ್ಣಿಗೆ ನೀರು ಬಂದರೆ ಕಣ್ಣು ಮಂಜಾಗುತ್ತದೆ. ಆಗಲೂ ಹಾಗೇ ಆಯಿತು.

"ನಾಳೆ ನಾನೂ ಬರ್ತೀನಿ," ಎಂದಳು ಹಾಜಿರಾಬೀ. "ಜ್ವರ ತಂದಾಕಿ ನಾನು ಅಂತ ನಿನ್ನ ಬಾಯಾಗ ಬರಂಗಿಲ್ಲ. ನಾನೇ ಹೇಳ್ತೀನಿ."

*

ಧೊಂಡಿಬಾನ ಬಂಡಿ ಭಾಲ್ಕಿ ಸೇರುವಾಗ ಮಧ್ಯಾಹ್ನದ ಹೊತ್ತು. ಹಾಜಿರಾಬೀಯ ಸುರಾಹಿ ದಾರಿಯಲ್ಲೇ ಬರಿದಾಗಿತ್ತು, ತುಟಿ ಒಣಗಿತ್ತು.

ಹಾವಗೆಪ್ಪನ ಓಣಿಯಲ್ಲಿ ಬಾವಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೀಗ. ಮನೆಮನೆಯ ಮುಂದೆ ತುಂಬಿಟ್ಟ ಹರವಿಗಳು, ಹಂಡೆಗಳು, ಒಡೆದ ಗಡಿಗೆಯ ಅರ್ಧಭಾಗವನ್ನೂ ಬಿಟ್ಟಿರಲಿಲ್ಲ. ಅಮೀನ ಒಂದರೊಳಗೆ ಇಣುಕಿದ. ಹುಳಗಳು ಸುಖವಾಗಿ ಕುಣಿಯುತ್ತಿದ್ದವು. ಸರ್ಕಾರಿ ಹುಕುಮಿನ ಮೇಲೆ ಹುಟ್ಟಿದ ಸಂತಾನ ಅದು.

ಕಸ್ತೂರಿಬಾಯಿ ಬಾಗಿಲಲ್ಲೇ ನಿಂತಿದ್ದಳು. ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಸೆರಗು.

"ಅಕ್ಕಾ! ಈ ಬಿಸಿಲಾಗ ಯಾಕ ಬಂದ್ರಿ?"

"ಹೇಳಲಾಕ ಬಂದೀನಿ, ಕಸ್ತೂರಿ. ನೀ ನನ್ನ ಮಗನ ಸಲುವಾಗಿ ಮಾತು ಮುಚ್ಚಿದಿ, ಅಲ್ಲಾ ನಿನಗ ಛಲೋ ಮಾಡಲಿ. ಇನ್ನ ಮುಚ್ಚೂದು ಬ್ಯಾಡ. ಊರ ಮುಂದ ಎಲ್ಲಾ ಹೇಳ್ತೀನಿ. ನನ್ನ ಜ್ವರದ ಮಾತೂ ಹೇಳ್ತೀನಿ, ನಿನ್ನ ಗಂಡ ನನ್ನ ಸುರಾಹಿ ನೀರು ಕುಡದದ್ದೂ ಹೇಳ್ತೀನಿ. ಅಂಥಾ ಮನಷ್ಯಾ ಇದ್ದ ಅಂತ ಜನಕ್ಕ ಗೊತ್ತಾಗಲಿ."

ಕಸ್ತೂರಿಬಾಯಿ ಓಣಿಯ ಆಚೆ ಈಚೆ ನೋಡಿದಳು. ಆಮೇಲೆ ಹಾಜಿರಾಬೀಯ ಕೈ ಹಿಡಿದು ಇಳಿಸಿಕೊಂಡಳು. "ಹೇಳ್ರಿ ಅಕ್ಕಾ, ಯಾರು ಬ್ಯಾಡಂತಾರ? ಮೊದಲ ಒಳಗ ಬಂದು ಕುಂದರ್ರಿ. ದಣದೀರಿ."

ಅಮೀನ ಆಕೆಗೆ ಕೈಮುಗಿದ. ಕೈಮುಗಿದು, ತಾಯಿಯನ್ನು ಅಲ್ಲಿ ಬಿಟ್ಟು, ಠಾಣೆಗೆ ನಡೆದ.

ಠಾಣೆಯ ಬೇವಿನ ಮರದ ಕೆಳಗೆ ಕೌಸಲ್ಯಾಬಾಯಿ ಎಂದಿನಂತೆ ಕುಳಿತಿದ್ದಳು. ಅವನನ್ನು ನೋಡಿ ಎದ್ದು ನಿಂತಳು. ಇವಳಿಗೂ ನಾನು ಬಂದರೆ ಏಳುವ ಅಭ್ಯಾಸ ಹೋಗಿಲ್ಲವಲ್ಲ ಎಂದು ಅವನು ಬಿರಬಿರನೆ ಒಳಗೆ ನಡೆದ. ಹವಾಲಾತಿನ ಬಾಗಿಲು ತೆಗೆಸಿದ.

"ಮಚ್ಛೇಂದ್ರ, ಹೊರಗ ಬಾ. ನಿಂದೇನೂ ತಪ್ಪಿಲ್ಲ. ತಪ್ಪು ನಂದು."

ಮಚ್ಛೇಂದ್ರ ಗೋಡೆಗೆ ಒರಗಿದ್ದವನು ಏಳಲಿಲ್ಲ. ಗಡ್ಡ ಬೆಳೆದಿತ್ತು. ಮಣಿಕಟ್ಟಿನ ಮೇಲೆ ಹಗ್ಗದ ಕಲೆ ಇನ್ನೂ ಕಪ್ಪಗಿತ್ತು.

"ಹಂಗ ಬರಂಗಿಲ್ರಿ, ಸಾಹೇಬ."

"ಯಾಕ?"

"ಹಗ್ಗಾ ಕಟ್ಟಿದ್ದು ನಡುಬಜಾರದಾಗ ಎಲ್ಲಾರ ಮುಂದ. ಬಿಚ್ಚೂದು ಮಾತ್ರ ಇಲ್ಲಿ ಕತ್ತಲಿ ಖೋಲ್ಯಾಗ ಹ್ಯಾಂಗ್ರಿ? ನಾ ಹಿಂಗ ಹೋದ್ರ ಮಂದಿ ಏನಂತಾರ? ಅಮೀನನ ಕೈಕಾಲು ಹಿಡದು ಬಿಡಿಸಿಕೊಂಡ ಅಂತಾರ. ಹಗ್ಗಾ ತರ್ರಿ. ಅಲ್ಲೇ ಕಟ್ಟ್ರಿ, ಅಲ್ಲೇ ಬಿಚ್ಚ್ರಿ."

ಜವಾನ ಖಾಜಾ ಮಿಯಾ ಕಣ್ಣು ಕೆಕ್ಕರಿಸಿದ. ಅಮೀನ ಅವನನ್ನು ತಡೆದ. ಹಗ್ಗ ತರಿಸಿ ತಾನೇ ಕಟ್ಟಿದ. ಬಿಗಿಯಾಗಲಿಲ್ಲವೆಂದು ಮಚ್ಛೇಂದ್ರ ಕೈ ಮುಂದೆ ಹಿಡಿದೇ ಇದ್ದ. ಇನ್ನೊಂದು ಸುತ್ತು ಹಾಕಬೇಕಾಯಿತು. ಆ ಒಂದು ಸುತ್ತು ಅಮೀನನ ಆಯುಷ್ಯದಲ್ಲಿ ಮರೆಯುವಂಥದ್ದಲ್ಲ.

ಬಜಾರ ಬೇಗ ತುಂಬಿತು. ಬೇಳೆ ಅಂಗಡಿಯವರು ತಕ್ಕಡಿ ಬಿಟ್ಟು ಬಂದರು. ಅರಳಿ ಕಟ್ಟೆಯ ಮುಂದೆ, ಅವತ್ತು ನಿಲ್ಲಿಸಿದ್ದ ಜಾಗದಲ್ಲೇ, ಅಮೀನ ನಿಂತ. ಗಂಟು ಬೇಗ ಬಿಚ್ಚಲಿಲ್ಲ.

"ಬಾವ್ಯಾಗ ವಿಷ ಇರಲಿಲ್ಲ," ಎಂದ. ದನಿ ಏಳಲಿಲ್ಲ. ಮತ್ತೆ ಹೇಳಿದ. "ಬಾವ್ಯಾಗ ವಿಷ ಇರಲಿಲ್ರಿ. ಈ ಜ್ವರ ಬೊಂಬಾಯಿದು. ತಂದಾಂವ ಇಂವ ಅಲ್ಲ. ನಮ್ಮ ಅಮ್ಮಿ ತಂದಾಳ. ಠೇಸನ್ನಾಗ ತಪಾಸಣಿ ತಪ್ಪಿಸಿ ಆಕಿನ್ನ ಊರಾಗ ಕರಕೊಂಡು ಬಂದಾಂವ ನಾನು. ಬಾವಿಗಿ ಬೀಗ ಹಾಕಿ ಅದನ್ನ ಓಣಿಂದ ಓಣಿಗಿ ಹಬ್ಬಿಸಿದಾಂವನೂ ನಾನೇ. ಇಂವ ಬೇಕಸೂರು, ಇಂವಂದೇನೂ ತಪ್ಪಿಲ್ಲ."

ಯಾರೋ ಕ್ಯಾಕರಿಸಿ ಉಗುಳಿದರು. ಯಾರೋ ನಕ್ಕರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅವನದು ಹೋದದ್ದು ಅಡಿಕೆಗಲ್ಲ, ಆದರೂ ಮರಳಿ ಬರುವ ಲಕ್ಷಣವಿರಲಿಲ್ಲ. ಹಗ್ಗ ಕೆಳಗೆ ಬಿತ್ತು. ಕೌಸಲ್ಯಾಬಾಯಿ ಗುಂಪಿನ ಅಂಚಿನಿಂದಲೇ ಅದನ್ನು ನೋಡಿದಳು, ಗಂಡನನ್ನಲ್ಲ.

ಗುಂಪು ಕರಗುವ ತನಕ ಮಚ್ಛೇಂದ್ರ ಮಣಿಕಟ್ಟು ತಿಕ್ಕಿಕೊಳ್ಳುತ್ತ ನಿಂತಿದ್ದ. ಆಮೇಲೆ ಅಮೀನನ ಹತ್ತಿರ ಬಂದ.

"ಸಾಹೇಬ, ನಿಮ್ಮ ಅವ್ವನ ಹೆಸರು ಎಲ್ಲಾರ ಮುಂದ ಹೇಳಿದ್ರಿ. ಇನ್ನ ನಾ ಬಾಯಿ ಮುಚ್ಚಿಕೊಂಡ್ರ ನನಗ ನಾಚಿಗಿ. ಆ ಬಾವಿ ನೀರು ನಾ ಯಾರಿಗಿ ಸೇದಿದೆ, ಕೇಳಲಿಲ್ಲಲ್ಲ ನೀವು?"

"ನಿನಗಂತ ಅಂದುಕೊಂಡಿದ್ದೆ."

"ಹಾವಗೆಪ್ಪ ಧಣೇರಿಗಿ ರೀ." ಮಚ್ಛೇಂದ್ರ ಸುತ್ತ ನೋಡಿ ದನಿ ತಗ್ಗಿಸಿದ. "ಅವರೇ ಸೇದು ಅಂದ್ರು. ನಸುಕಿನ್ಯಾಗ ದನದ ಕೊಟ್ಟಗಿಗಿ ಬಂದು ನನ್ನ ಕೈಲಿ ಬೊಗಸಿ ಹಿಡದು ಕುಡೀತಿದ್ರು. ಯಾರ ಮುಂದೂ ಅನ್ನಬ್ಯಾಡ ಅಂತ ಆಣಿ ಹಾಕಿಸಿದ್ರು. ನಿನ್ನ ಕೈ ನೀರು ಕುಡದದ್ದು ಗೊತ್ತಾದ್ರ ನನ್ನ ಮಂದಿ ನನ್ನ ಮಣ್ಣಿಗಿ ಬರಂಗಿಲ್ಲೋ ಅಂದ್ರು. ಅದಕ್ಕ ನೀವು ಹೊಡದ್ರೂ ಹೇಳಲಿಲ್ಲ. ಸತ್ತಾರ, ಮಣ್ಣಾಗ ಸುಖವಾಗಿ ಕುಂದರಲಿ ಅಂದೆ."

ಒಬ್ಬ ಸತ್ತವನ ಮಾನಕ್ಕಾಗಿ ಇವನು ಒದೆ ತಿಂದಿದ್ದ. ತನ್ನ ಮಾನಕ್ಕಾಗಿ ಅಮೀನ ಒದ್ದಿದ್ದ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ದೊಡ್ಡ ಮನಷ್ಯಾ," ಎಂದ ಅಮೀನ. "ನಮ್ಮ ಅಮ್ಮಿ ಕೈಲೂ ಕುಡೀತಿದ್ದನಂತ. ನೀರಿಗಿ ಜಾತಿ ಇಲ್ಲಂತಿದ್ದ."

ಮಚ್ಛೇಂದ್ರ ತಲೆ ಅಲ್ಲಾಡಿಸಿದ.

"ದೊಡ್ಡ ಮನಷ್ಯಾ ಹೌದ್ರಿ. ಆದ್ರ ಅದಕ್ಕಲ್ಲ. ಅಂಜಿಕಿಗಿ ಕುಡೀತಿದ್ರು. 'ಮಚ್ಛೇಂದ್ರ, ನನ್ನ ಮನ್ಯಾಗಿನ ನೀರು ಕುಡದ್ರ ಹೊಟ್ಟಿ ಉರೀತದೋ, ಬಾಯಿ ಕಹಿ ಆಗತದೋ, ಹೊರಗಿನ ನೀರು ಕುಡದ ದಿವಸ ಏನೂ ಆಗಂಗಿಲ್ಲೋ' ಅಂದ್ರು. ಆಮ್ಯಾಲ ಈ ಜ್ವರ ಬಂತು. ಎಲುಬು ಹಿಡದು ಹಾಸಿಗಿಗಿ ಬಿದ್ರು. ಕೊಟ್ಟಗಿ ತನಕ ಬರಲಾಕ ಆಗಲಿಲ್ಲ. ನನಗ ಒಳಗ ಹೋಗಲಾಕ ಬರಂಗಿಲ್ಲ. ಬಾಯಿ ಆರಿದಾಗ ಯಾರು ಕೊಟ್ಟರೋ ಅವರ ಕೈ ನೀರೇ ಕುಡೀಬೇಕಾತಲ್ರಿ."

ರಂಜಣಗಿಯ ಮಾತು ಸೀಸೆ ಹೇಳುತ್ತದೆ, ತಂಬಿಗೆಯ ಮಾತು ಹೇಳುವುದಿಲ್ಲ. ಕಾಶೀರಾಮನ ದನಿ ಅಮೀನನ ಕಿವಿಯಲ್ಲಿ ಈಗ ಕೇಳಿಸಿತು. ಆಳುಕಾಳು ಮುಟ್ಟದ ನೀರು. ಆಕೆಯೇ ಸೋಸಿ, ಆಕೆಯೇ ತುಂಬುವ ನೀರು. ಕೊಡ ಇಳಿಬಿಟ್ಟದ್ದನ್ನು ಕಂಡವಳು ಆಕೆ. ಔರಾದಿಗೆ ಹಣ್ಣಿನ ಬುಟ್ಟಿ ಕಳಿಸಿ ಬಾಯಿ ಮುಚ್ಚಿಸಿದವಳು ಆಕೆ. 'ಅಲ್ಲಿ ಕಂಡದ್ದು ಕೇಳಿದ್ದು' ಎಂದಿದ್ದಳು. ಆಕೆ ಮುಚ್ಚಿದ್ದು ಅಮೀನನ ಮಾನವನ್ನಲ್ಲ.

ಅಮೀನ ಓಡಿದ. ರುಮಾಲು ಬಿತ್ತು, ತಿರುಗಿ ನೋಡಲಿಲ್ಲ. ಊರು ಇನ್ನೊಮ್ಮೆ ನಗುತ್ತಿತ್ತು, ನಗಲಿ. ಬೀಗ ಹಾಕಿದ ಬಾವಿ ದಾಟಿದ, ಹಂಡೆಯೊಂದನ್ನು ಎಡವಿ ಉರುಳಿಸಿದ, ತೆರೆದ ಬಾಗಿಲಿಗೆ ಬಂದು ನಿಂತ.

ಪಡಸಾಲೆಯಲ್ಲಿ ಚಾಪೆಯ ಮೇಲೆ ಹಾಜಿರಾಬೀ ಒಬ್ಬಳೇ ಕೂತಿದ್ದಳು. ಹೊರಗಿನವರಿಗೆಂದು ಗೂಡಿನಲ್ಲಿ ಬೇರೆಯಾಗಿ ಇಡುವ ತಂಬಿಗೆ ಅವಳ ಕೈಯಲ್ಲಿತ್ತು. ಕಸ್ತೂರಿಬಾಯಿ ಕಾಣಲಿಲ್ಲ.

"ಬಂದ್ಯಾ ಬೇಟಾ? ಬಿಸಿಲಾಗ ಯಾಕ ಓಡತಿ?" ತಾಯಿ ಸೆರಗಿನಿಂದ ತುಟಿ ಒರೆಸಿಕೊಂಡು ತಂಬಿಗೆಯನ್ನು ಅವನತ್ತ ಚಾಚಿದಳು. "ತಗೋ, ನಿನಗಂತ ಅರ್ಧ ಉಳಿಸೀನಿ. ತಣ್ಣಗ ಅದ. ಒಂದಿಷ್ಟು ಕಹಿ, ಅಷ್ಟೇ."